ಗಂಟಿನ ಒಳಗಿನ ಮನೆ

ತುಳಜಾಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಮೂವತ್ತೆಂಟು ಡಬ್ಬಿಗಳಲ್ಲಿ ಯಾವುದು ಯಾರದು ಎಂಬುದನ್ನು ಆಕೆ ಗಂಟು ನೋಡಿ ಹೇಳುತ್ತಿದ್ದಳು. ಪ್ರತಿ ಮನೆಯ ಬಟ್ಟೆ ಬೇರೆ, ಗಂಟು ಬೇರೆ. ಹಣಮಮ್ಮ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಮೊಲದ ಕಿವಿಯಂತೆ ಎರಡು ತುದಿ ಮೇಲೆ ನಿಲ್ಲಿಸುತ್ತಿದ್ದಳು. ಬಿಬಿಜಾನ್ ಹಸಿರು ಬಟ್ಟೆಯ ನಾಲ್ಕೂ ಮೂಲೆಗಳನ್ನು ಹೊಸೆದು ಒಳಕ್ಕೆ ಸಿಕ್ಕಿಸುತ್ತಿದ್ದಳು. ಶಿವಕಾಂತಮ್ಮನ ಗಂಟು ಎಷ್ಟು ಬಿಗಿಯೆಂದರೆ ಆಕೆಯ ಮಗ ಕಾಶಪ್ಪ ಅದನ್ನು ಹಲ್ಲಿನಿಂದ ಬಿಚ್ಚಬೇಕಾಗುತ್ತಿತ್ತು.

ಊರಿನ ಹೆಸರು ಸುಣಕಲ್. ಚಿತ್ತಾಪುರ ಮತ್ತು ವಾಡಿಯ ನಡುವೆ ಇದೆ. ಸ್ಟೇಷನ್ ಅಲ್ಲ, ಹಾಲ್ಟ್. ಹಾಸುಗಲ್ಲಿನ ನಾಲ್ಕು ಮೆಟ್ಟಿಲು, ಒಂದು ಬೇವಿನ ಮರ, ಹೆಸರು ಬರೆದ ಒಂದು ಹಲಗೆ. ಊರಿನ ಮೂವತ್ತೆಂಟು ಗಂಡಸರು ವಾಡಿಯ ಹೊರಗಿನ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮುಂಜಾನೆ ಐದೂವರೆಯ ಪ್ಯಾಸೆಂಜರ್‌ಗೆ ಹೋಗಿ ಸಂಜೆ ಐದೂವರೆಯ ಪ್ಯಾಸೆಂಜರ್‌ಗೆ ಬರುತ್ತಿದ್ದರು. ಹಿಂದಿನಿಂದ ಎರಡನೆಯ ಬೋಗಿ ಸುಣಕಲ್ಲಿನದು. ಅದರಲ್ಲಿ ಊರ ಕಟ್ಟೆಯ ಮೇಲೆ ಕೂತಂತೆಯೇ ಕೂಡುತ್ತಿದ್ದರು. ಆಳುಗಳ ಮೇಸ್ತ್ರಿ, ಮುಕಾದಮ ಅಂಬಾರಾಯನಿಗೆ ಕಿಟಕಿ, ಮೇಲಿನ ಓಣಿಗಳವರಿಗೆ ಬೆಂಚು, ಕೆಳಗೇರಿಯ ನಾಲ್ವರಿಗೆ ಬಾಗಿಲು. ಪಾಸಿನ ದರ ಎಲ್ಲರಿಗೂ ಒಂದೇ. ಚಿತ್ತಾಪುರದಲ್ಲಿ ಹತ್ತಿದ ಮಾಸ್ತರನೊಬ್ಬ ಗೊತ್ತಿಲ್ಲದೆ ಒಮ್ಮೆ ಅಂಬಾರಾಯನ ಕಿಟಕಿಯ ಹತ್ತಿರ ಕೂತಿದ್ದ. ವಾಡಿ ಬರುವವರೆಗೆ ಬೋಗಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮಾಸ್ತರ ಮರುದಿನ ಬೇರೆ ಬೋಗಿ ಹುಡುಕಿಕೊಂಡ.

ಐದೂವರೆಯ ಗಾಡಿಗೆ ಹೋಗುವವರಿಗೆ ಬಿಸಿ ರೊಟ್ಟಿ ಕಟ್ಟುವುದು ಯಾವ ಹೆಂಗಸಿಗೂ ಆಗದ ಮಾತು. ಹಾಗಾಗಿ ಡಬ್ಬಿಗಳು ಹತ್ತು ಗಂಟೆಯ ಗಾಡಿಗೆ ಹೋಗುತ್ತಿದ್ದವು. ಅವನ್ನು ಬುಟ್ಟಿಗಳಲ್ಲಿ ಒಯ್ದು, ಊಟದ ಹೊತ್ತಿನ ಸೈರನ್, ಹನ್ನೆರಡರ ಭೋಂಗಾ, ಕೂಗುವ ಮೊದಲು ಕಾರ್ಖಾನೆಯ ಕಟ್ಟೆಯ ಮೇಲೆ ಸಾಲಾಗಿ ಇಡುವುದು ತುಳಜಾಬಾಯಿಯ ಕೆಲಸ. ಮೇಲಿನ ಓಣಿಗಳಲ್ಲಿ ಈ ಹೊರೆ ಹೊರಲು ಯಾರೂ ಒಪ್ಪಿರಲಿಲ್ಲ. ಕೆಳಗೇರಿಯ ತುಳಜಾಬಾಯಿ ಒಪ್ಪಿದಳು. ಆಕೆಯ ಗಂಡ ಲಾಲಪ್ಪ ಕಲ್ಲಿನ ಖಣಿಯಲ್ಲಿ ಕಾಲು ಮುರಿದುಕೊಂಡು ಮನೆ ಹಿಡಿದಿದ್ದ. ಮನೆ ನಡೆಯುತ್ತಿದ್ದದ್ದು ಈ ಡಬ್ಬಿಗಳಿಂದ.

ಕೆಳಗೇರಿಯವಳು ಮುಟ್ಟಿದ ಬುತ್ತಿ ಉಣ್ಣುವುದು ಹೇಗೆ ಎಂಬ ಪ್ರಶ್ನೆ ಐದು ವರ್ಷದ ಹಿಂದೆಯೇ ಎದ್ದಿತ್ತು. ಊರಿನ ಹಿರಿಯ ಸಂಗಣ್ಣ ಅದನ್ನು ಕಟ್ಟೆಯ ಮೇಲೆ ಕೂತು ಬಗೆಹರಿಸಿದ್ದ.

"ಗಂಟಿನ ಒಳಗಿಂದು ಮನಿ. ಗಂಟಿನ ಹೊರಗಿಂದು ರೈಲು. ರೈಲಿಗೆ ಯಾವ ಮಡಿ ಅದ?" ಎಂದಿದ್ದ ಅವನು. "ಮನ್ಯಾಗ ಗಂಟು ಹಾಕ್ರಿ. ಉಣ್ಣಾವ ಗಂಟು ಬಿಚ್ಚಲಿ. ನಡುವ ಆಕಿ ಬರೇ ಬಟ್ಟಿ ಹಿಡೀಲಿ, ಗಂಟಿಗೆ ಕೈ ಹಚ್ಚೂದು ಬ್ಯಾಡ."

ಅಲ್ಲಿಂದ ಅದೇ ನಡೆದಿತ್ತು. ಮೇಲಿನ ಓಣಿಗಳ ಮೂವತ್ತನಾಲ್ಕು ಡಬ್ಬಿ ಎರಡು ದೊಡ್ಡ ಬುಟ್ಟಿಗಳಲ್ಲಿ, ಕೆಳಗೇರಿಯ ನಾಲ್ಕು ಇನ್ನೊಂದು ಸಣ್ಣ ಬುಟ್ಟಿಯಲ್ಲಿ.

ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ ಶುರುವಾಯಿತು. ಗಾಡಿ ಬರುವುದಿಲ್ಲ ಎಂದು ರೇಡಿಯೋದಲ್ಲಿ ಮೊದಲೇ ಹೇಳಿದ್ದರು. ನಸುಕಿನಲ್ಲಿ ಮೂರಕ್ಕೆ ಎದ್ದು ನಡೆದು ಹೋಗೋಣ, ಮೂರು ಹರದಾರಿ ಏನು ದೊಡ್ಡದು ಎಂದು ಗಂಡಸರು ಮಾತಾಡಿಕೊಂಡು ಮಲಗಿದರು. ಬುಧವಾರ ಯಾರಿಗೂ ಎಚ್ಚರವಾಗಲಿಲ್ಲ. ಊರನ್ನು ಎಬ್ಬಿಸುತ್ತಿದ್ದದ್ದು ನಾಲ್ಕು ಗಂಟೆಯ ಗೂಡ್ಸ್ ಗಾಡಿಯ ಸೀಟಿ. ಅದೂ ಬರಲಿಲ್ಲ. ಕೋಳಿಗಳು ಕೂಗಿದವು, ಆದರೆ ಕೋಳಿ ಕೂಗಿಗೆ ಏಳುವ ಅಭ್ಯಾಸ ಸುಣಕಲ್ಲಿಗೆ ಎಂದೋ ತಪ್ಪಿತ್ತು. ಬಿಸಿಲು ಮೈಮೇಲೆ ಬಂದಾಗ ಎದ್ದು ಓಡಿದರು. ಅವರು ಮುಟ್ಟಿದಾಗ ಕಾರ್ಖಾನೆಯಲ್ಲಿ ಹತ್ತು ಗಂಟೆ.

"ಮೂವತ್ತೆಂಟು ಮಂದಿಗೂ ಒಂದೇ ನಿದ್ದಿ ಹತ್ತಿತ್ತೇನ್ರಿ?" ಎಂದು ಗೇಟಿನ ಕಾರಕೂನ ನಕ್ಕ. ನಕ್ಕ ಮೇಲೆ ಹೇಳಿದ: ನಾಳೆಯಿಂದ ಏಳರ ಭೋಂಗಾಕ್ಕೆ ಇಲ್ಲದವರ ಜಾಗಕ್ಕೆ ಬೇರೆಯವರು.

ಮುಷ್ಕರ ಮುಗಿಯುವವರೆಗೆ ಎಲ್ಲರೂ ಪಾಲಿಶ್ ಮಶೀನಿನ ಶೆಡ್ಡಿನಲ್ಲೇ ಮಲಗುವುದು, ಆದಿತ್ಯವಾರ ಮಾತ್ರ ಊರಿಗೆ ನಡೆದು ಬರುವುದು ಎಂದು ಅಂಬಾರಾಯ ತೀರ್ಮಾನಿಸಿದ. ಊಟದ ಪ್ರಶ್ನೆ ಬಂತು. ವಾಡಿಯ ಬಜಾರದಲ್ಲಿ ಒಂದು ಖಾನಾವಳಿ ತೆರೆದಿತ್ತು. ಅಲ್ಲೇ ಉಂಡರಾಯಿತು ಎಂದು ಕೆಲವರು ಅಂದರು. ಈ ಸುದ್ದಿ ಅಂದು ಸಂಜೆಯೇ ತುಳಜಾಬಾಯಿಗೆ ಮುಟ್ಟಿತು. ಎಂಟು ದಿನ ಖಾನಾವಳಿಯ ರುಚಿ ಹತ್ತಿದರೆ ಅವರು ಮತ್ತೆ ಡಬ್ಬಿಗೆ ಬರುವುದಿಲ್ಲ ಎಂಬುದು ಆಕೆಗೆ ಸ್ಪಷ್ಟವಿತ್ತು. ಆಕೆ ನೆಟ್ಟಗೆ ಹಾಜಿಸಾಬನ ಮನೆಗೆ ಹೋದಳು. ಹಾಜಿಸಾಬ ಕತ್ತೆಗಳ ಮೇಲೆ ಹಳ್ಳದ ಉಸುಕು ಹೇರಿ ಮಾರುತ್ತಿದ್ದ.

"ಹಾಜಿಸಾಬ್ರೇ, ಎರಡು ಕತ್ತಿ ಕೊಡ್ರಿ."

"ಉಸುಕು ಹೊರಾಕೇನು?"

"ರೊಟ್ಟಿ ಹೊರಾಕ."

ಹಾಜಿಸಾಬ ಹೊಟ್ಟೆ ಹಿಡಿದು ನಕ್ಕ. "ಕತ್ತಿ ಮ್ಯಾಲ ಬಂದ ರೊಟ್ಟಿ ಆ ಅಂಬಾರಾಯ ಉಣ್ತಾನೇನ ತಾಯಿ?"

"ಅದನ್ನ ನಾ ಸಂಗಣ್ಣ ಮುತ್ಯಾನ ಕೇಳ್ತೀನಿ. ನೀವು ಕತ್ತಿ ಕೊಡ್ರಿ."

ಸಂಗಣ್ಣ ಅಡಕೆ ಕತ್ತರಿಸುತ್ತ ಕೇಳಿಸಿಕೊಂಡ. "ಗಂಟಿನ ಹೊರಗಿಂದು ರೈಲಾದರೇನು, ಕತ್ತಿಯಾದರೇನು?" ಎಂದ. "ಗಂಟಿಗೆ ಮಾತ್ರ ಕೈ ಹಚ್ಚಬ್ಯಾಡ."

"ಐದು ವರ್ಷದಾಗ ಹಚ್ಚೀನೇನ್ರಿ ಮುತ್ಯಾ?"

"ಹಚ್ಚಿಲ್ಲ. ಅದಕ್ಕ ಕೆಲಸ ನಿನ್ನ ಕೈಯಾಗ ಉಳದದ."

ಗುರುವಾರ ಮುಂಜಾನೆ ಎಂಟಕ್ಕೆ ಆಕೆ ಹೊರಟಳು. ಎರಡು ಹೊತ್ತಿನ ರೊಟ್ಟಿ ಹಿಡಿಸಲು ಹೆಂಗಸರು ದೊಡ್ಡ ಡಬ್ಬಿ ಹುಡುಕಿ ತುಂಬಿದ್ದರು. ಹೊಲದ ದಾರಿ ಸುತ್ತಾಗುತ್ತದೆ. ಗಾಡಿಯೇ ಇಲ್ಲದ ಮೇಲೆ ಹಳಿಯ ಪಕ್ಕದ ಕಾಲುದಾರಿಯೇ ಸಮ. ಕತ್ತೆಗಳು ಜಲ್ಲಿಯ ಅಂಚಿನಲ್ಲಿ ಸಲೀಸಾಗಿ ನಡೆದವು. ಹಳ್ಳದ ಸೇತುವೆಯ ಹತ್ತಿರ ಒಂದು ಡೇರೆ ಹಾಕಿತ್ತು. ಹಳಿ ಕಾಯಲು ಬಂದ ಪೊಲೀಸರು. ಒಬ್ಬ ಹವಾಲ್ದಾರ, ಇಬ್ಬರು ಪೇದೆಗಳು. ಹವಾಲ್ದಾರ ಮೈಸೂರು ಕಡೆಯವನು.

"ಏಯ್, ನಿಲ್ಲಮ್ಮ! ಏನದು ಕತ್ತೆ ಮೇಲೆ?"

"ರೊಟ್ಟಿರೀ ಸಾಹೇಬ್ರೇ."

"ಇಷ್ಟೊಂದಾ? ಎಷ್ಟು ಜನಕ್ಕೆ?"

"ಮೂವತ್ತೆಂಟು ಮಂದಿಗೆ."

ಹವಾಲ್ದಾರ ಎದ್ದು ನಿಂತ. "ಯಾರವರು? ಮುಷ್ಕರದವರು ಎಲ್ಲಾದ್ರೂ ಅಡಗಿ ಕೂತಿದಾರಾ? ಅವರಿಗೆ ಊಟ ಸಾಗಿಸ್ತಿದೀಯಾ?"

"ಅಲ್ರಿ, ಕಲ್ಲಿನ ಕಾರಖಾನಿಯವರಿಗೆ."

"ಬಿಚ್ಚು, ನೋಡೋಣ."

"ನಾ ಬಿಚ್ಚಂಗಿಲ್ರಿ. ನೀವೇ ಬಿಚ್ಚಿ ನೋಡ್ರಿ."

"ನಾನಾ?" ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. "ಒಳಗೆ ಬಾಂಬಿದ್ರೆ? ನೀನೇ ಬಿಚ್ಚು."

ತುಳಜಾಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನು ಕೆಳಗೇರಿಯವಳು, ಗಂಟು ಮುಟ್ಟಿದರೆ ಅವರು ಉಣ್ಣುವುದಿಲ್ಲ, ತನ್ನ ಕೆಲಸ ಹೋಗುತ್ತದೆ. ಹವಾಲ್ದಾರ ಪೂರ್ತಿ ಕೇಳಿದ.

"ಅದು ನಿಮ್ಮೂರ ಪಂಚಾಯ್ತಿ, ನಂದಲ್ಲ. ಬಿಚ್ಚಿದ್ರೆ ಮುಂದೆ ಹೋಗು. ಇಲ್ದಿದ್ರೆ ಕತ್ತೆ ತಿರುಗಿಸು."

ಆಕೆ ಕತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟು ಲೆಕ್ಕ ಹಾಕಿದಳು. ಹಿಂದಕ್ಕೆ ಹೋದರೆ ಗಂಡಸರು ಇಂದೇ ಖಾನಾವಳಿಗೆ ಹೋಗುತ್ತಾರೆ, ಕೆಲಸ ಹೋಯಿತು. ಬಿಚ್ಚಿದ್ದು ಗೊತ್ತಾದರೂ ಕೆಲಸ ಹೋಯಿತು. ಗೊತ್ತಾಗದಿದ್ದರೆ ಉಳಿಯಿತು. ಆಕೆ ಬುಟ್ಟಿ ಇಳಿಸಿದಳು.

ಒಂದು ಬಿಚ್ಚಿ, ತೋರಿಸಿ, ಅದನ್ನು ಕಟ್ಟಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದ್ದರೆ ಯಾವುದು ಯಾರದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಗಂಟುಗಳು ಆಕೆಯ ಕಣ್ಣಿಗೆ ಗೊತ್ತಿದ್ದವು, ಬೆರಳಿಗೆ ಗೊತ್ತಿರಲಿಲ್ಲ. ಮೊದಲಿನ ಮೂರು ಹದಕ್ಕೆ ಬರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು. ನಾಲ್ಕನೆಯದರಿಂದ ಕೈ ಕುದುರಿತು. ಬಿಬಿಜಾನಳ ಹೊಸೆತ ಒಮ್ಮೆಗೇ ಬಂತು. ಶಿವಕಾಂತಮ್ಮನ ಗಂಟನ್ನು ಮೊಣಕಾಲಿನಿಂದ ಒತ್ತಿ ಬಿಗಿದಳು. ಹವಾಲ್ದಾರ ಬೀಡಿ ಹಚ್ಚಿ, "ಮದುವೆ ಹೆಣ್ಣಿಗೆ ಜಡೆ ಹಾಕೋ ಹಾಗೆ ಹಾಕ್ತೀಯಲ್ಲಮ್ಮ, ಬೇಗ ಮುಗಿಸು" ಎಂದ.

ಐದು ವರ್ಷ ಹೊತ್ತಿದ್ದ ಡಬ್ಬಿಗಳ ಒಳಗೆ ಏನಿರುತ್ತದೆ ಎಂಬುದನ್ನು ಆಕೆ ಅಂದು ಮೊದಲ ಸಲ ನೋಡಿದಳು. ಬೋಗಿಯಲ್ಲಿ ತುಪ್ಪದ ಮಾತು ಆಡುವವರ ಡಬ್ಬಿಯಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ. ಬಡವನೆಂದು ಹೆಸರಾದವನ ಡಬ್ಬಿಯಲ್ಲಿ ಬೆಲ್ಲ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ ಇದ್ದವು. ಆಮೇಲೆ ಮೊಲದ ಕಿವಿಯ ಗಂಟು ಬಿಚ್ಚಿದಳು. ಅದು ಹಣಮಮ್ಮ ಗಂಡ ಅಂಬಾರಾಯನಿಗೆ ಕಟ್ಟಿದ್ದು. ಒಳಗೆ ನಾಲ್ಕು ಒಣ ರೊಟ್ಟಿ, ಎರಡು ಹಸಿಮೆಣಸಿನಕಾಯಿ, ಕಾಗದದಲ್ಲಿ ಒಂದಿಷ್ಟು ಉಪ್ಪು. ಪಲ್ಯ ಇರಲಿಲ್ಲ. ಮುಕಾದಮ ಯಾವಾಗಲೂ ಗೋಡೆಗೆ ಮುಖ ಮಾಡಿ ಏಕೆ ಉಣ್ಣುತ್ತಾನೆ ಎಂಬುದು ಆಕೆಗೆ ಆಗ ತಿಳಿಯಿತು. ಮಡಿಯ ಸಲುವಾಗಿ ಎಂದು ಎಲ್ಲರೂ ನಂಬಿದ್ದರು.

ಭೋಂಗಾಕ್ಕೆ ಐದು ನಿಮಿಷ ಮೊದಲು ಡಬ್ಬಿಗಳು ಕಟ್ಟೆಯ ಮೇಲಿದ್ದವು. ಕಾಶಪ್ಪ ಹಲ್ಲು ಹಚ್ಚಿ ಗಂಟು ಎಳೆದು, "ನಮ್ಮವ್ವಗ ಮುಷ್ಕರದಾಗೂ ಕೈಸೋಲು ಬಂದಿಲ್ಲ" ಎಂದು ಗೊಣಗಿದ. ಎಲ್ಲರೂ ಉಂಡರು.

ಮರುದಿನ ಸೇತುವೆಯ ಹತ್ತಿರ ಮತ್ತೆ ಅದೇ.

"ನಿನ್ನಿ ನೋಡೀರಲ್ರಿ ಸಾಹೇಬ್ರೇ."

"ನಿನ್ನೆ ಬಾಂಬಿರಲಿಲ್ಲ. ಇವತ್ತು ಇರಬಹುದು. ಬಿಚ್ಚು."

ದಿನಕ್ಕೊಮ್ಮೆ ಬಿಚ್ಚಿ ಕಟ್ಟುವುದು ರೂಢಿಯಾಯಿತು. ಎರಡನೆಯ ವಾರಕ್ಕೆ ಹವಾಲ್ದಾರನಿಗೂ ಡಬ್ಬಿಗಳ ಪರಿಚಯವಾಗಿ, "ಹಸಿರು ಬಟ್ಟೇಲಿ ಇವತ್ತು ಏನಮ್ಮ?" ಎಂದು ಅದನ್ನೇ ಮೊದಲು ಬಿಚ್ಚಿಸುತ್ತಿದ್ದ. ಆಕೆ ಈಗ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸುತ್ತಿದ್ದಳು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಲಾಲಪ್ಪನಿಗೂ ಹೇಳಲಿಲ್ಲ. ಹೇಳದಿದ್ದರೆ ಮುಷ್ಕರ ಮುಗಿಯುತ್ತದೆ, ಗಾಡಿ ಬರುತ್ತದೆ, ಮೊದಲಿನಂತೆ ನಡೆಯುತ್ತದೆ. ಇನ್ನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಒಂಬತ್ತನೆಯ ಬುತ್ತಿಯ ದಿನ ಶನಿವಾರ. ಬಿಸಿಲು ವಿಪರೀತ. ಕಲ್ಲಿನ ಕಟ್ಟೆ ಕಾದ ಹಂಚಿನಂತಾಗಿತ್ತು. ತುಳಜಾಬಾಯಿ ಕತ್ತೆಗಳಿಗೆ ನೀರು ತೋರಿಸಲು ತೊಟ್ಟಿಯ ಕಡೆ ಹೋಗಿದ್ದಳು. ಆಕೆಯ ಅಣ್ಣನ ಮಗ ಚಂದ್ರಾಮ ಹೊರಗಿನ ಅಂಗಳದಲ್ಲಿ ಕಲ್ಲು ಒಡೆಯುವವನು. ಕೈ ತೊಳೆಯಲು ಬಂದವನು ಕಟ್ಟೆಯ ತುದಿಯ ಡಬ್ಬಿಯೊಂದು ಬಿಸಿಲಿಗೆ ಬಿದ್ದಿರುವುದನ್ನು ಕಂಡು, ಎತ್ತಿ ನೆರಳಿಗೆ ಇಟ್ಟ. ಅದು ಅಂಬಾರಾಯನ ಡಬ್ಬಿ. ಅದೇ ಹೊತ್ತಿಗೆ ಭೋಂಗಾ ಕೂಗಿತು. ಅಂಬಾರಾಯ ಶೆಡ್ಡಿನಿಂದ ಹೊರಗೆ ಬಂದ.

"ಏ ಚಂದ್ರ್ಯಾ! ಯಾರ ಗಂಟಿಗೆ ಕೈ ಹಚ್ಚಿದಿ?"

"ಬಿಸಲಾಗ ಇತ್ರಿ. ಪಲ್ಯ ಹಳಸ್ತದಂತ ನೆಳ್ಳಿಗೆ ಇಟ್ಟೀನಿ."

"ನನ್ನ ಪಲ್ಯದ ಚಿಂತಿ ನಿನಗ್ಯಾಕೋ? ನಿನಗ್ಯಾರು ಕೇಳಿದ್ರು?"

ಮಂದಿ ಸೇರಿತು. ಅಂಬಾರಾಯ ಡಬ್ಬಿಯನ್ನು ಕಾಲಿನಿಂದ ಚಂದ್ರಾಮನ ಕಡೆ ನೂಕಿದ. "ಒಯ್ದು ನಾಯಿಗೆ ಹಾಕು. ಹಾಕಿ ಬಂದು ಈ ಕಲ್ಲಿನ ಕಟ್ಟಿ ತೊಳಿ. ಈ ತುದಿಯಿಂದ ಆ ತುದಿ ತನಕ."

ಚಂದ್ರಾಮನಿಗೆ ಇಪ್ಪತ್ತಾರು ವರ್ಷ. ಎರಡಾಳು ಎತ್ತುವ ಚಪ್ಪಡಿಯನ್ನು ಒಬ್ಬನೇ ಎತ್ತುತ್ತಿದ್ದ. ಅವನು ಬಕೀಟಿಗೆ ಬಗ್ಗಿದ. ಅವನು ಬಗ್ಗಿದ್ದನ್ನು ತುಳಜಾಬಾಯಿ ತೊಟ್ಟಿಯ ಹತ್ತಿರದಿಂದ ನೋಡಿದಳು.

"ಬಕೀಟ ಕೆಳಗಿಡು ಚಂದ್ರಾಮ."

"ಇರಲಿ ಬಿಡು ಅತ್ತಿ."

"ಇಡು ಅಂದೆ."

ಆಕೆ ಕಟ್ಟೆಯ ಹತ್ತಿರ ಬಂದಳು. "ಮುಕಾದಮ್ರೇ, ಅವ ಒಂದು ಡಬ್ಬಿಯ ಬಟ್ಟಿ ಮುಟ್ಟ್ಯಾನ. ನಾ ಮೂವತ್ತನಾಲ್ಕೂ ಗಂಟು ಬಿಚ್ಚಿ ಕಟ್ಟೀನಿ. ಇವತ್ತೊಂದೇ ಅಲ್ಲ, ಒಂಬತ್ತು ದಿನದಿಂದ. ಈ ಕಲ್ಲಿನ ಕಟ್ಟಿ ತೊಳೀಬೇಕಂದರ ಮೊದಲ ನಿಮ್ಮ ಹೊಟ್ಟಿ ತೊಳ್ಕೋರಿ."

ಬಿಬಿಜಾನಳ ಮಗ ಶೌಕತ ಅಲಿ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, "ಯಾರು ಬಿಚ್ಚಿಸಿದ್ರು? ಸೇತುವಿ ಪೊಲೀಸ್ರೇನು?" ಎಂದು ಕೇಳಿದ. ಆಕೆ ಹೌದೆಂದಳು.

"ಹಂಗಾದರ ಪೊಲೀಸ್ರೇ ಬಿಚ್ಚಿ ಪೊಲೀಸ್ರೇ ಕಟ್ಯಾರಂತ ಹೇಳು. ಮುಗದು ಹೋಗ್ತದ."

"ಯಾಕ ಹೇಳ್ಲಿ? ನಾ ಕಟ್ಟೀನಿ."

"ಕೆಲಸ ಹೋಗ್ತದ ಮಾರಾಯ್ತಿ."

"ಹೋಗೂದು ಹೋಗ್ಲಿ."

ಅಂಬಾರಾಯ ನಗಲು ನೋಡಿದ. "ಸುಳ್ಳು ಹೇಳಾಕತ್ತಾಳ. ಅಣ್ಣನ ಮಗನ್ನ ಉಳಸಾಕ ಸುಳ್ಳು. ನಮ್ಮ ಹೆಣಮಕ್ಕಳ ಗಂಟು ಇಕಿಗೆ ಹ್ಯಾಂಗ ಬರ್ತಾವ?"

ತುಳಜಾಬಾಯಿ ಕಾಶಪ್ಪನ ಡಬ್ಬಿ ಎತ್ತಿಕೊಂಡಳು. ಎಲ್ಲರ ಕಣ್ಣೆದುರು ಉಗುರಿನಿಂದ ಗಂಟು ಸಡಿಲ ಮಾಡಿ ಬಿಚ್ಚಿದಳು. ಬಟ್ಟೆ ಒಮ್ಮೆ ಝಾಡಿಸಿದಳು. ಮೊಣಕಾಲಿಗೆ ಒತ್ತಿ ಮತ್ತೆ ಕಟ್ಟಿ ಕಾಶಪ್ಪನ ಕೈಗೆ ಕೊಟ್ಟಳು. ಕಾಶಪ್ಪ ಅದನ್ನು ತಿರುಗಿಸಿ ನೋಡಿದ. ಬೆರಳಿನಿಂದ ಎಳೆದ, ಬರಲಿಲ್ಲ. ಹಲ್ಲು ಹಚ್ಚಿದ.

"ಇದು ನಮ್ಮವ್ವನ ಗಂಟೇ," ಎಂದ ಹಲ್ಲು ಬಿಡದೆ. ಮಂದಿಯಲ್ಲಿ ಯಾರೋ ಕಿಸಕ್ಕೆಂದರು.

"ಎಂಟು ದಿನ ಉಂಡೀರಿ," ಎಂದಳು ತುಳಜಾಬಾಯಿ. "ಯಾರಿಗರೆ ಹೊಟ್ಟಿ ನೋಯ್ತೇನು? ಯಾರಿಗರೆ ಜ್ವರ ಬಂತೇನು? ಹೇಳ್ರಿ, ಇಲ್ಲೇ ನಿಂತೀನಿ."

ಹಿಂದಿನಿಂದ ಒಬ್ಬ ಕೇಳಿದ, "ಒಳಗಿಂದೂ ನೋಡಿಯೇನು?"

"ಬಿಚ್ಚಿದ ಮ್ಯಾಲ ನೋಡದೇ ಇರ್ತೀನೇನು? ಮೂವತ್ತೆಂಟೂ ನೋಡೀನಿ."

"ಏನಿತ್ತು?"

"ನೋಡಿದ್ದು ಹೇಳಂಗಿಲ್ಲ."

ಆಗ ನಾಲ್ಕೈದು ಜನ ನೆಲ ನೋಡಿದರು. ಕಾಲಿನಿಂದ ನೂಕಿದ ಡಬ್ಬಿ ಅಲ್ಲೇ ಬಿದ್ದಿತ್ತು. ಅಂಬಾರಾಯ ಅದನ್ನು ಎತ್ತಲೂ ಇಲ್ಲ, ಇನ್ನೊಮ್ಮೆ ನಾಯಿಗೆ ಹಾಕು ಎನ್ನಲೂ ಇಲ್ಲ.

ಶೌಕತ ಅಲಿ ತನ್ನ ಹಸಿರು ಬಟ್ಟೆ ಬಿಚ್ಚಿ ಕೂತ. "ನಮ್ಮಮ್ಮ ಖೀಮಾ ಕಳಿಸ್ಯಾಳ, ಆ ಹವಾಲ್ದಾರ ಏನರೆ ಬಾಯಿ ಹಾಕ್ಯಾನೇನ ನೋಡ್ತೀನಿ ತಡೀರಿ," ಎಂದ. ಕಾಶಪ್ಪ ಅವನ ಪಕ್ಕ ಕೂತ. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಆಗಲೇ ಹೋಗಿತ್ತು. ಹಸಿದವರು ಒಬ್ಬೊಬ್ಬರಾಗಿ ಕೂತರು. ಮೇಲಿನ ಓಣಿಗಳವರಲ್ಲಿ ಹತ್ತೊಂಬತ್ತು ಜನ ಉಂಡರು. ಹದಿನೈದು ಜನ ಉಣ್ಣಲಿಲ್ಲ. ಆ ಹದಿನೈದರಲ್ಲಿ ಕೆಲವರು ಬಜಾರದ ಕಡೆ ಹೊರಟರು.

"ಖಾನಾವಳಿಯಾಗ ರೊಟ್ಟಿ ಬಡ್ಯಾಕಿದು ಯಾವ ಓಣಿ ಅಂತ ಕೇಳಿ ಉಣ್ರಿ ಮತ್ತ," ಎಂದು ಶೌಕತ ಅಲಿ ಕೂಗಿದ.

"ಅದು ವಾಡಿ. ವಾಡ್ಯಾಗ ಯಾರು ಕೇಳ್ತಾರ?" ಎಂದು ಅವರಲ್ಲೊಬ್ಬ ತಿರುಗಿ ಹೇಳಿದ. ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಆದಿತ್ಯವಾರ ಮುಂಜಾನೆ, ಗಂಡಸರು ಕಟ್ಟೆಗೆ ಸೇರುವ ಮೊದಲು, ಹಣಮಮ್ಮ ಕೆಳಗೇರಿಯ ತುದಿಯ ಹುಣಸೆಮರದ ಹತ್ತಿರ ಬಂದು ನಿಂತಿದ್ದಳು. ಅಂಬಾರಾಯನ ಹೆಂಡತಿ ಆ ಮರ ದಾಟಿ ಬಂದವಳಲ್ಲ. ತುಳಜಾಬಾಯಿ ಅಲ್ಲಿಗೆ ಹೋದಳು.

"ನಮ್ಮ ಡಬ್ಬ್ಯಾಗ ಏನಿತ್ತಂತ ಯಾರ ಮುಂದರೆ ಅಂದಿಯೇನು?"

"ಇಲ್ಲ."

"ಮಗಳ ಲಗ್ನ ಮಾಡಿ ಬರಿಗೈಲೆ ಕುಂತೀವಿ. ಅವರು ಮಂದ್ಯಾಗ ದೊಡ್ಡಸ್ತಿಕಿ ಬಿಡಂಗಿಲ್ಲ." ಹಣಮಮ್ಮ ಸೆರಗು ಸರಿಮಾಡಿಕೊಂಡಳು. ಹೊರಟವಳು ತಿರುಗಿ ನಿಂತಳು. "ಆ ಶಿವಕಾಂತಮ್ಮ ಮಗನಿಗೆ ದಿನಾ ಏನು ಕಟ್ತಾಳ? ಭಾಳ ಹೇಳ್ತಿರ್ತಾಳ."

"ಅದೂ ಹೇಳಂಗಿಲ್ಲ."

ಹಣಮಮ್ಮನಿಗೆ ನಗೆ ಬಂತು. ಹೋದಳು.

ಕಟ್ಟೆಯ ಮೇಲೆ ಅಂಬಾರಾಯ ಜೋರಾಗಿಯೇ ಮಾತಾಡಿದ. ನಂಬಿಕೆ ಮುರಿದವಳ ಕೈಗೆ ಬುತ್ತಿ ಕೊಡುವುದು ಬೇಡ, ಕೆಲಸವನ್ನು ಬೇರೆ ಯಾರಿಗಾದರೂ ಕೊಡೋಣ ಎಂದ. ಯಾರಿಗೆ ಎಂದು ಸಂಗಣ್ಣ ಕೇಳಿದ. ಹೆಂಗಸರು ಗೋಡೆಯ ನೆರಳಿನಲ್ಲಿ ಕೂತಿದ್ದರು. ಅಲ್ಲಿಂದ ಹಣಮಮ್ಮನ ದನಿ ಬಂತು.

"ನಾಳಿ ಕತ್ತಿ ಹೊಡಕೊಂಡು ಯಾರು ಹೋಗ್ತೀರಿ, ಹೆಸರು ಹೇಳ್ರಿ. ನಾ ಹೋಗ್ಲೇನು?"

ಹೆಂಗಸರು ನಕ್ಕರು. ಅಂಬಾರಾಯ ಹೆಂಡತಿಯ ಕಡೆ ನೋಡಲಿಲ್ಲ.

ತುಳಜಾಬಾಯಿ ಕಟ್ಟೆಯ ಕೆಳಗೆ ನಿಂತಿದ್ದಳು. ಯಾರೂ ಕೇಳುವ ಮೊದಲೇ ಮಾತಾಡಿದಳು. "ಮುತ್ಯಾ, ನಾ ಮಾತು ತಪ್ಪೀನಿ, ಖರೇ. ಹೇಳ್ದೇ ಕಟ್ಟೀನಿ, ಅದೂ ಖರೇ. ಇನ್ನ ಹಂಗ ಮುಚ್ಚಿ ಮಾಡಂಗಿಲ್ಲ. ಬಿಚ್ಚಬೇಕಾದರ ಬಿಚ್ಚತೀನಿ, ಕಟ್ಟಬೇಕಾದರ ಕಟ್ಟತೀನಿ. ನಮ್ಮ ಕೇರಿ ನಾಲ್ಕು ಡಬ್ಬಿ ಬ್ಯಾರೆ ಬುಟ್ಟ್ಯಾಗ ಒಯ್ಯಂಗಿಲ್ಲ. ಎಲ್ಲ ಒಂದರಾಗೇ. ಬೇಕಾದವರು ಕೊಡ್ರಿ. ಬ್ಯಾಡಾದವರು ಮುಂಜಾನೆ ಹೊತ್ಕೊಂಡು ಹೋಗ್ರಿ."

"ಇಕಿ ನಮಗ ಕಾಯ್ದಿ ಹೇಳಾಕತ್ತಾಳ!" ಎಂದ ಒಬ್ಬ.

ಸಂಗಣ್ಣ ಅಡಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಅವನಿಗೆ ನ್ಯಾಯ ಹೇಳುವುದು ರೂಢಿ. ಹೇಳದಿರುವುದು ರೂಢಿಯಿರಲಿಲ್ಲ. "ಗಂಟಿನ ಮಾತು ನಾ ಆಡಿದ್ದೆ," ಎಂದ ಕೊನೆಗೆ. "ಗಂಟು ಈಗ ಉಳೀಲಿಲ್ಲ. ಇನ್ನ ನಿಮ್ಮ ನಿಮ್ಮ ಮನಿ, ನಿಮ್ಮ ನಿಮ್ಮ ಹೊಟ್ಟಿ. ನನ್ನ ಕೇಳಬ್ಯಾಡ್ರಿ." ಎದ್ದು ಮನೆಗೆ ಹೋದ.

ಸೋಮವಾರ ತುಳಜಾಬಾಯಿ ಎರಡು ಕತ್ತೆಗಳನ್ನೇ ಒಯ್ದಳು, ಹೊರೆ ಮಾತ್ರ ಕಡಿಮೆಯಿತ್ತು. ಹವಾಲ್ದಾರ ಬುಟ್ಟಿ ನೋಡಿ, "ಇಷ್ಟೇನಾ? ಉಳಿದವರೇನು ಉಪವಾಸಾನಾ?" ಎಂದು ಕೇಳಿದ. ಆಕೆ ಗಂಟು ಬಿಚ್ಚಿ ತೋರಿಸಿದಳು, ಕಟ್ಟಿದಳು. ಈಗ ಮನೆಯವರ ಗಂಟು ಕಟ್ಟುವ ತಾಪತ್ರಯ ತೆಗೆದುಕೊಳ್ಳಲಿಲ್ಲ. ಎಲ್ಲಕ್ಕೂ ತನ್ನದೇ ಒಂದು ಸಾದಾ ಗಂಟು ಹಾಕಿ, ಬಟ್ಟೆಯ ಬಣ್ಣದ ಮೇಲೆ ಗುರುತು ಹಿಡಿದಳು. ಕೆಲಸ ಬೇಗ ಮುಗಿಯಿತು.

ಇಪ್ಪತ್ತು ದಿನಕ್ಕೆ ಮುಷ್ಕರ ಮುಗಿಯಿತು. ನಾಲ್ಕು ಗಂಟೆಯ ಗೂಡ್ಸ್ ಸೀಟಿ ಹಾಕಿತು, ಊರು ಎದ್ದಿತು. ಐದೂವರೆಯ ಪ್ಯಾಸೆಂಜರ್‌ನಲ್ಲಿ ಗಂಡಸರು ಹೋದರು. ಬೋಗಿಯಲ್ಲಿ ಏನೂ ಬದಲಾಗಲಿಲ್ಲ. ಅಂಬಾರಾಯ ಕಿಟಕಿಗೆ ಕೂತ. ಚಂದ್ರಾಮ ಮತ್ತು ಉಳಿದ ಮೂವರು ಬಾಗಿಲಲ್ಲಿ ಕೂತರು. ಐದಾರು ಜನ ಬೆಂಚಿನವರು ಕಾಲ ಮೇಲೆ ತಣ್ಣನೆಯ ಡಬ್ಬಿ ಇಟ್ಟುಕೊಂಡು, ಅದು ಅಲ್ಲಾಡದಂತೆ ಹಿಡಿದು ಕೂತಿದ್ದರು.

ಒಂಬತ್ತಕ್ಕೆ ತುಳಜಾಬಾಯಿ ಬುಟ್ಟಿ ಹಿಡಿದು ಓಣಿಗಳಲ್ಲಿ ತಿರುಗಿದಳು. ಬಿಬಿಜಾನ್ ಬಾಗಿಲಲ್ಲೇ ಕಾಯುತ್ತಿದ್ದಳು. ಶಿವಕಾಂತಮ್ಮ ಡಬ್ಬಿಯನ್ನು ಬಿಗಿಯದೆ ಬಟ್ಟೆಯ ಸಮೇತ ಕೊಟ್ಟು, "ನೀನೇ ಕಟ್ಟು, ನನಗಿಂತ ಛಲೋ ಕಟ್ತೀಯಂತ" ಎಂದಳು, ಅರ್ಧ ಸಿಟ್ಟಿನಿಂದ. ಅಂಬಾರಾಯನ ಮನೆಯ ಮುಂದೆ ಆಕೆ ನಿಲ್ಲದೆ ಹೋಗುತ್ತಿದ್ದಳು. ಹಣಮಮ್ಮ ಒಳಗಿನಿಂದ ಕೂಗಿ ನಿಲ್ಲಿಸಿದಳು. ಧೋತರದ ತುಂಡಿನ ಮೇಲೆ ಎರಡು ಕಿವಿ ನಿಂತಿದ್ದವು.

"ಅವರಿಗೆ ಹೇಳೀರೇನ್ರಿ?"

"ಅವರನ್ನ ಏನು ಕೇಳೂದು? ಒಯ್ಯಿ."

ಕೆಲವು ಬಾಗಿಲುಗಳು ಮುಚ್ಚಿದ್ದವು. ಆಕೆ ಕೂಗಲಿಲ್ಲ, ಮುಂದೆ ಹೋದಳು. ಕೆಲವು ಮನೆಗಳಲ್ಲಿ ಗಂಡಸರೇ ನಸುಕಿನಲ್ಲಿ ಡಬ್ಬಿ ಒಯ್ದಿದ್ದರು. ಇಬ್ಬರು ವಾಡಿಯಲ್ಲಿ ಖೋಲಿ ಹಿಡಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳುವವರಿದ್ದರು. ಮೂವರು ಖಾನಾವಳಿಯಲ್ಲೇ ಉಳಿದರು, ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಹಾಲ್ಟಿನ ಮೆಟ್ಟಿಲ ಮೇಲೆ ಆಕೆ ಬುಟ್ಟಿ ಇಳಿಸಿದಳು. ಕೆಳಗೇರಿಯ ನಾಲ್ಕು ಡಬ್ಬಿ ಎಲ್ಲದರ ನಡುವೆ ಇದ್ದವು. ಹತ್ತರ ಗಾಡಿ ಹನ್ನೆರಡು ನಿಮಿಷ ತಡವಾಗಿ ಬಂತು. ಹತ್ತುವ ಮೊದಲು ಆಕೆ ಮೇಲಿನ ಓಣಿಗಳ ಡಬ್ಬಿಗಳನ್ನು ಬೆರಳು ಮಡಿಸಿ ಎಣಿಸಿದಳು. ಮೂವತ್ತನಾಲ್ಕರಲ್ಲಿ ಇಪ್ಪತ್ತಮೂರು ಬಂದಿದ್ದವು. ಹೋದವು ಹನ್ನೊಂದು.